ಎಷ್ಟೋ ಅಷ್ಟು: ಬಹುಪದೋಕ್ತಿಯ ನಿಷ್ಪನ್ನ ಮತ್ತು ಅದರ ಬೆಲೆ

(ಒಂದು ತಾಲ್ಲೂಕು ಊರಿನ ಗ್ರಂಥಾಲಯದಲ್ಲಿ ಪಿಯುಸಿ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತು. ಹಲಗೆಯ ಮೇಲೆ ಬರೆದದ್ದನ್ನು ಇಲ್ಲಿ ಸಾಲುಗಳಾಗಿ ಇಳಿಸಿದ್ದೇನೆ. ಮಧ್ಯದಲ್ಲಿ ಕರೆಂಟ್ ಹೋಗಿ ಹತ್ತು ನಿಮಿಷ ಕಾಡುಹರಟೆ ಹೊಡೆದೆವು, ಅದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಎರಡನೇ ಪಿಯುಸಿಯಲ್ಲಿದ್ದಾಗ ಒಂದು ಟೆಸ್ಟಿನಲ್ಲಿ ಬಹಳ ಸುಲಭದ ಲೆಕ್ಕ ಬಂದಿತ್ತು. ಒಂದು ಬಹುಪದೋಕ್ತಿ ಕೊಟ್ಟಿದ್ದರು. ಅದರ ನಿಷ್ಪನ್ನ ಕಂಡುಹಿಡಿದು, 3ರಲ್ಲಿ ಅದರ ಬೆಲೆ ಹೇಳಬೇಕು. ನಿಷ್ಪನ್ನ ಅಂದರೆ ನೀವು ಕ್ಲಾಸಿನಲ್ಲಿ ಡಿರಿವೇಟಿವ್ ಅನ್ನುತ್ತೀರಲ್ಲ, ಅದೇ, ಒಂದು ಬದಲಾದಾಗ ಇನ್ನೊಂದು ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬ ಲೆಕ್ಕ. ನಾನು ಜಾಣತನ ತೋರಿಸಲು ಹೋದೆ. ಹೇಗಿದ್ದರೂ ಕೊನೆಗೆ 3 ಹಾಕಲೇಬೇಕು, ಈಗಲೇ ಹಾಕಿಬಿಟ್ಟರೆ ಕೆಲಸ ಕಡಿಮೆ ಅಲ್ವಾ ಅಂದುಕೊಂಡೆ. ಹಾಕಿದೆ. 21 ಬಂತು. 21 ಬದಲಾಗದ ಸಂಖ್ಯೆ, ಅದರ ನಿಷ್ಪನ್ನ ಸೊನ್ನೆ. ಉತ್ತರ ಸೊನ್ನೆ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು, ಎಲ್ಲರಿಗಿಂತ ಮೊದಲು ಪೇಪರ್ ಕೊಟ್ಟು ಹೊರಗೆ ಬಂದೆ. ಸರಿ ಉತ್ತರ 10. ನನಗೆ ಸಿಕ್ಕ ಅಂಕವೂ ನನ್ನ ಉತ್ತರವೂ ಒಂದೇ ಆಗಿತ್ತು.

ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿದರೇ ಹೊರತು ಯಾಕೆ ತಪ್ಪು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅದು ನನಗೆ ಅರ್ಥವಾಗಿದ್ದು ಬಹಳ ವರ್ಷ ಆದ ಮೇಲೆ, ನಾನೇ ಪಾಠ ಮಾಡಲು ನಿಂತಾಗ. ಇವತ್ತಿನ ಮಾತೆಲ್ಲ ಆ ಒಂದು ಸೊನ್ನೆಯ ಬಗ್ಗೆಯೇ.

ಹಲಗೆಯ ಮೇಲೆ ಎಕ್ಸ್ ಬದಲು ‘ಯ’ ಅಂತ ಬರೆಯುತ್ತೇನೆ, ಗಾಬರಿ ಬೇಡ. ಇದು ನನ್ನ ಕನ್ನಡಾಭಿಮಾನದಿಂದ ಹುಟ್ಟಿದ್ದಲ್ಲ. ಭಾಸ್ಕರಾಚಾರ್ಯರು ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದು, ಚಿಕ್ಕದಾಗಿ ‘ಯಾ’ ಎಂದು ಬರೆಯುತ್ತಿದ್ದರು. ಯಾವತ್ತಾವತ್ ಅಂದರೆ ಎಷ್ಟೋ ಅಷ್ಟು. ಎಷ್ಟು ಚೆನ್ನಾಗಿದೆ ನೋಡಿ. ‘ಎಕ್ಸ್ ಅಂದ್ರೆ ಎಷ್ಟು ಸಾರ್?’ ಅಂತ ಎಂಟನೇ ಕ್ಲಾಸಿನ ಹುಡುಗ ಕೇಳಿದರೆ ‘ಎಷ್ಟೋ ಅಷ್ಟು’ ಅಂದರಾಯಿತು. ಟೆಸ್ಟಿನಲ್ಲಿ ನಾನು ಮಾಡಿದ ತಪ್ಪು ಇಷ್ಟೇ. ಎಷ್ಟೋ ಅಷ್ಟು ಆಗಿದ್ದನ್ನು ಅವಸರದಲ್ಲಿ 3 ಮಾಡಿಬಿಟ್ಟೆ. ಬದಲಾಗುವುದು ಯಾವುದೂ ಉಳಿಯಲಿಲ್ಲ. ಬದಲಾವಣೆಯ ವೇಗ ಸೊನ್ನೆ ಬರದೆ ಇನ್ನೇನು ಬರುತ್ತದೆ?

ಬಹುಪದೋಕ್ತಿ ಅಂದರೇನು ಅಂತ ಹೆಚ್ಚು ಹೇಳಬೇಕಿಲ್ಲ. ಯ, ಯ², ಯ³ ಇವನ್ನು ಬೇರೆ ಬೇರೆ ಸಂಖ್ಯೆಗಳಿಂದ ಗುಣಿಸಿ, ಕೂಡಿ ಕಳೆದು ಮಾಡಿದ್ದು. ಕೊನೆಯಲ್ಲಿ ಒಂದು ಒಂಟಿ ಸಂಖ್ಯೆ ಇರಬಹುದು, ಇಲ್ಲದೆಯೂ ಇರಬಹುದು. ಇದರ ನಿಷ್ಪನ್ನ ಕಂಡುಹಿಡಿಯುವ ನಿಯಮ ಇಲ್ಲಿರುವ ಅರ್ಧ ಜನಕ್ಕೆ ಬಾಯಿಪಾಠ ಇದೆ. ಘಾತವನ್ನು ಇಳಿಸಿ ಮುಂದಕ್ಕೆ ತಂದು ಗುಣಿಸು, ಘಾತದಲ್ಲಿ ಒಂದು ಕಳೆ. ಯ³ ಇದ್ದರೆ 3ಯ². ಒಂಟಿ ಸಂಖ್ಯೆ ಇದ್ದರೆ ಅಳಿಸಿಹಾಕು.

ಆದರೆ ಘಾತ ಯಾಕೆ ಇಳಿಯುತ್ತದೆ? ಒಬ್ಬ ಹುಡುಗಿ ನನ್ನನ್ನು ಒಮ್ಮೆ ಕೇಳಿದಳು, ‘ಸರ್, ಅದು ಮೇಲಿಂದ ಕೆಳಗೆ ಬೀಳೋದ್ಯಾಕೆ?’ ಅಂತ. ಅವಳಿಗೆ ಸೈಟಿನ ಚಿತ್ರ ಬರೆದು ತೋರಿಸಿದೆ. ನಿಮಗೂ ಅದನ್ನೇ ತೋರಿಸುತ್ತೇನೆ.

30 ಅಡಿ ಉದ್ದ, 30 ಅಡಿ ಅಗಲದ ಚೌಕ ಸೈಟು. ವಿಸ್ತೀರ್ಣ 900 ಚದರ ಅಡಿ. ಪಕ್ಕದವರು ಒಳ್ಳೆಯವರು, ಎರಡು ಕಡೆ ಒಂದೊಂದು ಅಡಿ ಬಿಟ್ಟುಕೊಟ್ಟರು ಅಂತಿಟ್ಟುಕೊಳ್ಳಿ. (ಸಭೆಯಲ್ಲಿ ನಗು. ಅಂಥ ನೆರೆಯವರು ಯಾವ ಊರಿನಲ್ಲಿದ್ದಾರೆ ಅಂತ ಹಿಂದಿನಿಂದ ಒಬ್ಬರು ಕೇಳಿದರು.) ಈಗ 31 ಇಂಟು 31, ಅಂದರೆ 961. ಹೆಚ್ಚಾಗಿದ್ದು 61. ಈ 61 ಎಲ್ಲಿಂದ ಬಂತು? ಪೂರ್ವಕ್ಕೆ 30 ಅಡಿ ಉದ್ದದ ಒಂದು ಪಟ್ಟಿ, ಉತ್ತರಕ್ಕೆ 30 ಅಡಿ ಉದ್ದದ ಇನ್ನೊಂದು ಪಟ್ಟಿ, ಮೂಲೆಯಲ್ಲಿ ಒಂದು ಚದರ ಅಡಿಯ ಚೂರು. ಒಂದು ಅಡಿ ಬದಲು ಅಡಿಯ ಹತ್ತನೇ ಒಂದು ಭಾಗ ಬಿಟ್ಟುಕೊಟ್ಟಿದ್ದರೆ? ಪಟ್ಟಿಗಳಿಂದ ಮೂರು ಮೂರು, ಒಟ್ಟು 6. ಮೂಲೆಯ ಚೂರು ಬರೀ 0.01. ಬಿಟ್ಟುಕೊಟ್ಟ ಜಾಗ ಕಿರಿದಾದಷ್ಟೂ ಮೂಲೆ ಲೆಕ್ಕಕ್ಕೇ ಬಾರದ ಹಾಗೆ ಕರಗುತ್ತದೆ, ಪಟ್ಟಿಗಳು ಮಾತ್ರ ಉಳಿಯುತ್ತವೆ. ಎರಡು ಪಟ್ಟಿ, ಒಂದೊಂದರ ಉದ್ದ ಯ. ಹಾಗಾಗಿ 2ಯ. ಆ 2 ಘಾತದಿಂದ ಉದುರಿದ್ದಲ್ಲ, ಪಟ್ಟಿಗಳನ್ನು ಎಣಿಸಿದಾಗ ಸಿಕ್ಕಿದ್ದು.

ಚೌಕದ ಬದಲು ಘನಾಕಾರದ ಬೆಲ್ಲದ ಅಚ್ಚು ತೆಗೆದುಕೊಳ್ಳಿ. ಅದು ಮೂರು ಮುಖಗಳಲ್ಲಿ ತೆಳ್ಳಗೆ ಬೆಳೆಯುತ್ತದೆ. ಒಂದೊಂದು ಮುಖ ಯ², ಒಟ್ಟು 3ಯ². ಯ⁴ಕ್ಕೆ ಚಿತ್ರ ಬರೆಯಲು ಆಗುವುದಿಲ್ಲ, ಆದರೆ ಎಣಿಕೆ ಅದೇ. ಹೊಸದಾಗಿ ಸೇರುವ ಸಣ್ಣ ಚೂರನ್ನು ಹ ಅನ್ನೋಣ. (ಯ + ಹ) ಎಂಬ ಆವರಣವನ್ನು ನಾಲ್ಕು ಸಲ ಬರೆದು ಗುಣಿಸಿ. ಮೂರು ಆವರಣಗಳಿಂದ ಯ, ಒಂದರಿಂದ ಮಾತ್ರ ಹ ಎತ್ತಿಕೊಳ್ಳಬೇಕು. ಆ ಒಂದು ಯಾವುದು? ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಅದಕ್ಕೇ 4ಯ³. ಎರಡು ಹ ಇರುವ ಪದಗಳೆಲ್ಲ ಸೈಟಿನ ಮೂಲೆಯ ಚೂರಿನ ಹಾಗೆ.

ಒಂಟಿ ಸಂಖ್ಯೆ ಮಾಯವಾಗುವುದಕ್ಕೆ ಮನೆಯ ಕರೆಂಟ್ ಬಿಲ್ ನೋಡಿ. ನಿಗದಿತ ಶುಲ್ಕ ಅಂತ ಒಂದು ಇರುತ್ತದೆ. ನೀವು ಗೀಸರ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಇನ್ನೊಂದು ಯೂನಿಟ್ ಉರಿಸಿದರೆ ಬಿಲ್ ಎಷ್ಟು ಏರುತ್ತದೆ ಎಂದು ಕೇಳಿದಾಗ ಅದಕ್ಕೆ ಅಲ್ಲಿ ಕೆಲಸ ಇಲ್ಲ.

ಇಲ್ಲಿಗೆ ‘ಕಂಡುಹಿಡಿಯುವುದು’ ಮುಗಿಯಿತು. ನನ್ನ ಟೆಸ್ಟಿನ ಲೆಕ್ಕ ಯ² + 4ಯ. ನಿಷ್ಪನ್ನ 2ಯ + 4. ಈಗ, ಈಗ ಮಾತ್ರ, 3 ಹಾಕಿ. 10.

ಬೆಲೆ ಹಾಕುವ ಕೆಲಸವನ್ನು ಮಕ್ಕಳು ತೀರಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾನು ತಿದ್ದಿದ ಉತ್ತರ ಪತ್ರಿಕೆಗಳಲ್ಲಿ ನಿಷ್ಪನ್ನ ತಪ್ಪಿದವರು ಕಡಿಮೆ, ಬೆಲೆ ಹಾಕುವಾಗ ಜಾರಿದವರೇ ಜಾಸ್ತಿ. ಅದೂ ಋಣ ಸಂಖ್ಯೆ ಬಂದಾಗ. ಇದನ್ನು ನೋಡಿ, ಬಹುಪದೋಕ್ತಿಗೆ ಪ ಅಂತ ಹೆಸರಿಟ್ಟಿದ್ದೇನೆ:

ಪ(ಯ) = 2ಯ⁴ − 5ಯ³ + 3ಯ − 7

ಪ′(ಯ) = 8ಯ³ − 15ಯ² + 3

(ಇದು ನಿಷ್ಪನ್ನ ಎಂದು ತೋರಿಸುವ, ತಲೆಯ ಮೇಲಿನ ಈ ಡ್ಯಾಶ್ ಲಗ್ರಾಂಜ್ ಎಂಬ ಗಣಿತಜ್ಞನಿಂದ ಬಂತು, 1797ರಲ್ಲಿ. ಒಂದು ಸಣ್ಣ ಗೀಟಿನಿಂದ ಇಷ್ಟು ಶಾಯಿ ಉಳಿಸಿದವನು ಬೇರೆ ಯಾರೂ ಇರಲಿಕ್ಕಿಲ್ಲ.) ಈಗ ಯ ಜಾಗದಲ್ಲಿ −1 ಹಾಕಿ. −1ರ ಘನ −1, ಎಂಟರಿಂದ ಗುಣಿಸಿದರೆ −8. −1ರ ವರ್ಗ 1, ಆದ್ದರಿಂದ −15. ಕೊನೆಗೆ 3. ಒಟ್ಟು −20. ಆದರೆ ಹತ್ತರಲ್ಲಿ ನಾಲ್ಕು ಜನ ಆ 15ರ ಮುಂದೆ ಕೂಡು ಚಿಹ್ನೆ ಹಾಕಿ 10 ಬರೆಯುತ್ತಾರೆ. ಕಳೆ ಚಿಹ್ನೆ ಮತ್ತು ಋಣ ಸಂಖ್ಯೆ ಎದುರುಬದುರಾದ ಕೂಡಲೇ ಧನ ಮಾಡಿಬಿಡುವ ಅಭ್ಯಾಸ. ಆವರಣ ಹಾಕಿ ಮಾರಾಯ್ರೇ. (−1)² ಅಂತ ಬರೆದರೆ ಕೈ ತಪ್ಪುವುದಿಲ್ಲ.

ಸರಿ, −20 ಅಂದರೆ ಏನು? ಒಂದು ಕಲ್ಲನ್ನು ಬಾವಿಗೆ ಹಾಕೋಣ. ನಮ್ಮ ಅಜ್ಜನ ತೋಟದಲ್ಲಿ ಆಳದ ಬಾವಿ ಇತ್ತು, ಬೇಸಿಗೆಯಲ್ಲಿ ನೀರು ಎಲ್ಲೋ ಕೆಳಗೆ. ಕಲ್ಲು ಬಿಟ್ಟು ‘ಒಂದು, ಎರಡು’ ಎಣಿಸುತ್ತಿದ್ದೆವು. ಗಾಳಿಯ ತಡೆ ಮರೆತು, ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿದರೆ, ಯ ಸೆಕೆಂಡಿನಲ್ಲಿ ಕಲ್ಲು 5ಯ² ಮೀಟರ್ ಬೀಳುತ್ತದೆ. ಎರಡು ಸೆಕೆಂಡಿಗೆ 20 ಮೀಟರ್. ನೀರು ಮುಟ್ಟುವ ಆ ಗಳಿಗೆಯಲ್ಲಿ ಕಲ್ಲಿನ ವೇಗ ಎಷ್ಟು? 20 ಮೀಟರನ್ನು 2ರಿಂದ ಭಾಗಿಸಿದರೆ 10 ಬರುತ್ತದೆ, ಆದರೆ ಅದು ಸರಾಸರಿ. ಕಲ್ಲು ಮೊದಲು ನಿಧಾನ, ಆಮೇಲೆ ಜೋರು. ಬಾವಿ ಇನ್ನೂ ಸ್ವಲ್ಪ ಆಳ ಇದ್ದಿದ್ದರೆ, 2ರಿಂದ 2.1 ಸೆಕೆಂಡಿನ ನಡುವೆ ಅದು 2.05 ಮೀಟರ್ ಬೀಳುತ್ತಿತ್ತು. ಸೆಕೆಂಡಿಗೆ 20.5ರ ವೇಗ. 2.01ರ ತನಕ ಮಾತ್ರ ನೋಡಿದರೆ 20.05. 2.001ರ ತನಕ 20.005. ಎಲ್ಲಿಗೆ ಹೋಗುತ್ತಿದೆ ಅಂತ ನಾನು ಹೇಳಬೇಕಿಲ್ಲ. ನಿಷ್ಪನ್ನ 10ಯ, ಅಲ್ಲಿ 2 ಹಾಕಿದರೆ ನೇರವಾಗಿ 20. ಗಂಟೆಗೆ 72 ಕಿಲೋಮೀಟರ್. ಬಾವಿಗೆ ಬಗ್ಗಿ ನೋಡುವ ಮಕ್ಕಳಿಗೆ ಅಜ್ಜ ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ.

ಅಂದರೆ 10ಯ ಎಂಬುದು ಎಲ್ಲ ಗಳಿಗೆಗಳ ವೇಗವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಸೂತ್ರ. 20 ಎಂಬುದು ಒಂದು ಗಳಿಗೆಯ ವೇಗ. ಸೂತ್ರ ಬೇರೆ, ಸಂಖ್ಯೆ ಬೇರೆ. −20 ಬಂದರೆ, ಆ ಜಾಗದಲ್ಲಿ ಯ ಸ್ವಲ್ಪ ಮುಂದೆ ಹೋದರೆ ಪ ಅದರ ಇಪ್ಪತ್ತರಷ್ಟು ಇಳಿಯುತ್ತದೆ ಅಂತ ಅರ್ಥ.

ಈ ‘ಗಳಿಗೆಯ ವೇಗ’ ನಮ್ಮವರಿಗೂ ಬೇಕಾಗಿತ್ತು. ಚಂದ್ರ ದಿನಾ ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದು ದಿನ 12 ಡಿಗ್ರಿ ಹತ್ತಿರ, ಇನ್ನೊಂದು ದಿನ 15 ಡಿಗ್ರಿ ಹತ್ತಿರ. ತಿಥಿ ಮುಗಿಯುವ ಹೊತ್ತನ್ನು ನಿಖರವಾಗಿ ಹೇಳಬೇಕಾದರೆ ದಿನದ ಸರಾಸರಿ ಸಾಲದು. ಭಾಸ್ಕರಾಚಾರ್ಯರು 1150ರಲ್ಲಿ, 36ನೇ ವಯಸ್ಸಿನಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಇದಕ್ಕೆ ‘ತಾತ್ಕಾಲಿಕ ಗತಿ’ ಎಂದು ಹೆಸರಿಟ್ಟು ಲೆಕ್ಕ ಕೊಟ್ಟರು. ಸರಾಸರಿ ಸ್ಥಾನದಿಂದ ಗ್ರಹ ಅತಿ ಹೆಚ್ಚು ದೂರ ಸರಿದಿರುವ ಕಡೆ, ಗತಿಗೆ ಮಾಡಬೇಕಾದ ತಿದ್ದುಪಡಿ ಸೊನ್ನೆ ಎಂದೂ ಗುರುತಿಸಿದರು. ಇದನ್ನು ಹಿಡಿದು ‘ಕಲನಶಾಸ್ತ್ರ (ಕ್ಯಾಲ್ಕುಲಸ್) ಪೂರ್ತಿ ನಮ್ಮದೇ’ ಅಂತ ವಾಟ್ಸಾಪಿನಲ್ಲಿ ಹಂಚಬೇಡಿ ದಯವಿಟ್ಟು. ಅವರು ಮಾಡಿದ್ದು ಜ್ಯಾ, ಕೋಟಿಜ್ಯಾಗಳ ಮೇಲೆ, ಅಂದರೆ ಇವತ್ತಿನ ಸೈನ್, ಕೊಸೈನ್‌ಗಳ ಮೇಲೆ. ಯಾವ ಬಹುಪದೋಕ್ತಿ ಕೊಟ್ಟರೂ ನಡೆಯುವ ಸಾಮಾನ್ಯ ನಿಯಮ ಅದಲ್ಲ. ಆದರೆ ಅವರು ಮಾಡಿದ್ದು ಮಾಡಿದ್ದೇ, ಅದಕ್ಕೆ ಉಪ್ಪುಖಾರ ಸೇರಿಸಬೇಕಾಗಿಲ್ಲ.

ತುತ್ತತುದಿಯಲ್ಲಿ ಬದಲಾವಣೆ ಸೊನ್ನೆ ಎಂಬ ಈ ಮಾತನ್ನು ಕೈಯಲ್ಲೇ ಮುಟ್ಟಿ ನೋಡಬಹುದು. ಅದಕ್ಕೇ ಹಳೇ ಕ್ಯಾಲೆಂಡರಿನ ರಟ್ಟು ತಂದಿದ್ದೇನೆ. 30 ಸೆಂಟಿಮೀಟರಿನ ಚೌಕ. ನಾಲ್ಕು ಮೂಲೆಯಲ್ಲೂ ಯ ಸೆಂಟಿಮೀಟರಿನ ಚೌಕ ಕತ್ತರಿಸಿ, ಅಂಚು ಮಡಿಸಿದರೆ ಮುಚ್ಚಳವಿಲ್ಲದ ಡಬ್ಬಿ. ಎಷ್ಟು ಕತ್ತರಿಸಿದರೆ ಡಬ್ಬಿಯಲ್ಲಿ ಅತಿ ಹೆಚ್ಚು ಹಿಡಿಸುತ್ತದೆ? ಕಡಿಮೆ ಕತ್ತರಿಸಿದರೆ ತಟ್ಟೆಯಾಗುತ್ತದೆ, ಹೆಚ್ಚು ಕತ್ತರಿಸಿದರೆ ಕೊಳವೆಯಾಗುತ್ತದೆ. (ಸಭೆಯಿಂದ ಊಹೆಗಳು: ‘ಹತ್ತು’, ‘ಏಳೂವರೆ’, ‘ಆರು’.) ಏಳೂವರೆ ಅಂದವರು ಮಧ್ಯದ ಸಂಖ್ಯೆ ಆರಿಸಿದ್ದಾರೆ. ಎಲ್ಲರೂ ಹಾಗೇ ಮಾಡುತ್ತಾರೆ, ನಾನೂ ಮಾಡಿದ್ದೆ. ಲೆಕ್ಕ ಮಾಡೋಣ. ತಳದ ಒಂದೊಂದು ಬದಿ 30 − 2ಯ, ಎತ್ತರ ಯ.

ಪ(ಯ) = ಯ(30 − 2ಯ)² = 4ಯ³ − 120ಯ² + 900ಯ

ಪ′(ಯ) = 12ಯ² − 240ಯ + 900 = 12(ಯ − 5)(ಯ − 15)

5ರಲ್ಲಿ ಇದು ಸೊನ್ನೆ. ಡಬ್ಬಿ 5 ಇಂಟು 20 ಇಂಟು 20, ಅಂದರೆ 2000 ಘನ ಸೆಂಟಿಮೀಟರ್, ಸರಿಯಾಗಿ ಎರಡು ಲೀಟರ್. ಅರ್ಧ ಲೀಟರಿನ ನಾಲ್ಕು ಪ್ಯಾಕೆಟ್ ಹಾಲು. 4 ಕತ್ತರಿಸಿದರೆ 1936, 6 ಕತ್ತರಿಸಿದರೆ 1944. ಏಳೂವರೆ ಅಂದವರ ಡಬ್ಬಿಯಲ್ಲಿ 1687.5. ಮೂರು ಪ್ಯಾಕೆಟ್ ಹಿಡಿದು ನಾಲ್ಕನೆಯದು ಚೆಲ್ಲುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. 4ರಲ್ಲಿ ನಿಷ್ಪನ್ನದ ಬೆಲೆ 12 ಇಂಟು −1 ಇಂಟು −11, ಅಂದರೆ 132. ‘ಇನ್ನೊಂದು ಸೆಂಟಿಮೀಟರ್ ಕತ್ತರಿಸಿದರೆ 132 ಹೆಚ್ಚುತ್ತದೆ’ ಅಂತ ಅದನ್ನು ಓದಿದರೆ ಮೋಸ ಹೋಗುತ್ತೀರಿ. 1936ರಿಂದ 2000ಕ್ಕೆ ಹೆಚ್ಚಿದ್ದು 64 ಮಾತ್ರ. ಹಾಗಾದರೆ 132 ಸುಳ್ಳೇ? ಅಲ್ಲ. ಅದು 4ರ ಹೊಸ್ತಿಲಲ್ಲಿ ನಿಂತು ಹೇಳಿದ ಮಾತು. ಅಲ್ಲಿಂದ 5ರ ಕಡೆ ನಡೆದ ಹಾಗೆ ಏರು ಸಣ್ಣದಾಗುತ್ತಾ ಬಂದು ಚಪ್ಪಟೆಯಾಗುತ್ತದೆ. 4ರಿಂದ 4.01ಕ್ಕೆ ಮಾತ್ರ ಹೋಗಿ ನೋಡಿ, ಹೆಚ್ಚಿದ್ದು 1.3128. ಅದನ್ನು 0.01ರಿಂದ ಭಾಗಿಸಿದರೆ 131.28. ಈಗ ಒಪ್ಪಿದಿರಾ?

ಇನ್ನು ದೆವ್ವದ ಕಥೆ. ನ್ಯೂಟನ್, ಲೈಬ್ನಿಟ್ಸ್ ಇಬ್ಬರೂ ಈ ಶಾಸ್ತ್ರ ಕಟ್ಟಿ, ನನ್ನದು ಮೊದಲು ನಿನ್ನದು ಮೊದಲು ಅಂತ ಕಚ್ಚಾಡಿದ್ದು ನಿಮಗೆ ಗೊತ್ತು, ಬಿಡಿ. ನನಗೆ ಅದಕ್ಕಿಂತ ಇಷ್ಟ ಆಗುವವನು ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ. 1734ರಲ್ಲಿ ಅವನು ಗಣಿತದವರ ಜುಟ್ಟು ಹಿಡಿದ. ನೀವು ಹ ಎಂಬ ಸಣ್ಣ ಸಂಖ್ಯೆಯಿಂದ ಭಾಗಿಸುತ್ತೀರಿ. ಭಾಗಿಸಬೇಕಾದರೆ ಅದು ಸೊನ್ನೆ ಆಗಿರಕೂಡದು. ಭಾಗಿಸಿದ ಮರುಕ್ಷಣ ಅದನ್ನು ಸೊನ್ನೆ ಅಂತ ಎಸೆಯುತ್ತೀರಿ. ಇದ್ದೂ ಇಲ್ಲದ ಇದೇನು, ಸತ್ತುಹೋದ ಪರಿಮಾಣಗಳ ದೆವ್ವವೇ, ಎಂದು ಕೇಳಿದ. ನಿಜ ಹೇಳಬೇಕೆಂದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಪೂರ್ತಿ ಉತ್ತರ ಕೊಡಲು ಗಣಿತದವರಿಗೆ 19ನೇ ಶತಮಾನದವರೆಗೆ ಸಮಯ ಹಿಡಿಯಿತು. ನಿಮ್ಮ ಪುಸ್ತಕದಲ್ಲಿ ಬರುವ ‘ಲಿಮಿಟ್’ ಆ ಉತ್ತರವೇ.

ಆದರೆ ಬಹುಪದೋಕ್ತಿಯ ಮಟ್ಟಿಗೆ ದೆವ್ವ ಬಿಡಿಸಲು ಲಿಮಿಟ್ ಕೂಡ ಬೇಕಿಲ್ಲ. ಹೈಸ್ಕೂಲಿನ ಸಂಶ್ಲೇಷಿತ ಭಾಗಾಕಾರ ಸಾಕು. ನೆನಪಿದೆಯಾ? ಸಹಗುಣಕಗಳನ್ನು, ಅಂದರೆ ಯ, ಯ², ಯ³ಗಳ ಮುಂದಿರುವ ಸಂಖ್ಯೆಗಳನ್ನೂ ಕೊನೆಯ ಒಂಟಿ ಸಂಖ್ಯೆಯನ್ನೂ, ಸಾಲಾಗಿ ಬರೆದು, ಗುಣಿಸಿ ಕೂಡಿ, ಗುಣಿಸಿ ಕೂಡಿ ಹೋಗುವುದು. ಬಹಳ ಜನ ಅದನ್ನು ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದೀರಿ.

ಯ³ − 2ಯ − 5 ತೆಗೆದುಕೊಳ್ಳೋಣ. 2ರಲ್ಲಿ ಇದರ ಬೆಲೆಯೂ ಬೇಕು, ನಿಷ್ಪನ್ನದ ಬೆಲೆಯೂ ಬೇಕು. ಸಹಗುಣಕಗಳು:

1, 0, −2, −5

(ಯ² ಇಲ್ಲ, ಆದ್ದರಿಂದ ಅದರ ಜಾಗದಲ್ಲಿ ಸೊನ್ನೆ. ಈ ಸೊನ್ನೆ ಮರೆತರೆ ಎಲ್ಲಾ ಹೋಯಿತು.) ಮೊದಲ 1 ಹಾಗೇ ಇಳಿಯಲಿ. ಅದನ್ನು 2ರಿಂದ ಗುಣಿಸಿ ಪಕ್ಕದ ಸೊನ್ನೆಗೆ ಕೂಡಿ, 2. ಮತ್ತೆ 2ರಿಂದ ಗುಣಿಸಿ −2ಕ್ಕೆ ಕೂಡಿ, 2. ಮತ್ತೆ ಗುಣಿಸಿ −5ಕ್ಕೆ ಕೂಡಿ, −1.

1, 2, 2 | −1

ಕೊನೆಯ −1 ಶೇಷ. ಅದೇ ಪ(2). ಉಳಿದ 1, 2, 2 ಭಾಗಲಬ್ಧ, ಅಂದರೆ ಯ² + 2ಯ + 2. ಈಗ ಆ ಭಾಗಲಬ್ಧದ ಮೇಲೇ ಇನ್ನೊಂದು ಸಲ ಅದೇ ಕೆಲಸ ಮಾಡಿ. 1 ಇಳಿಯಲಿ. 2ಕ್ಕೆ 2 ಕೂಡಿ 4. ನಾಲ್ಕನ್ನು ಗುಣಿಸಿ 8, ಅದನ್ನು 2ಕ್ಕೆ ಕೂಡಿ 10.

1, 4 | 10

10. ನಿಷ್ಪನ್ನ 3ಯ² − 2, ಅದರಲ್ಲಿ 2 ಹಾಕಿ ನೋಡಿ. 12ರಲ್ಲಿ 2 ಹೋದರೆ 10. ಸೂತ್ರವನ್ನೇ ಬರೆಯದೆ ಬೆಲೆ ಬಂತು!

ಇದು ಕಣ್ಕಟ್ಟಲ್ಲ. ಮೊದಲ ಭಾಗಾಕಾರ ಏನು ಹೇಳಿತು? ಪ(ಯ)ದಿಂದ ಪ(2) ಕಳೆದರೆ ಉಳಿಯುವುದು (ಯ − 2) ಇಂಟು (ಯ² + 2ಯ + 2). ಎರಡು ಕಡೆಯೂ ಯ − 2ರಿಂದ ಭಾಗಿಸಿ. ಬದಲಾದದ್ದು ಭಾಗಿಸು ನಡೆದದ್ದು, ಅಂದರೆ ಸರಾಸರಿ ವೇಗ. ಅದು ಯ² + 2ಯ + 2ಕ್ಕೆ ಸಮ. ಭಾಗಾಕಾರ ಮುಗಿದೇ ಹೋಯಿತು. ಈಗ ಯ ಜಾಗದಲ್ಲಿ 2 ಹಾಕಲು ಯಾವ ಅಡ್ಡಿಯೂ ಇಲ್ಲ, ಸೊನ್ನೆಯಿಂದ ಭಾಗಿಸುವ ಮಾತೇ ಇಲ್ಲ. ಬಿಷಪ್ಪರ ದೆವ್ವ ಇಲ್ಲಿ ಕಾಲಿಡಲು ಜಾಗವೇ ಇಲ್ಲ. ಇಲ್ಲೂ ಗಮನಿಸಿ, 2 ಹಾಕಿದ್ದು ಭಾಗಿಸಿ ಆದ ಮೇಲೆ. ಮೊದಲೇ ಹಾಕಿದ್ದರೆ ಸೊನ್ನೆ ಭಾಗಿಸು ಸೊನ್ನೆ ಬರುತ್ತಿತ್ತು. ನನ್ನ ಪಿಯುಸಿ ಟೆಸ್ಟಿನ ಕಥೆಯೇ, ಸ್ವಲ್ಪ ಬೇರೆ ವೇಷದಲ್ಲಿ.

ಈ ಗುಣಿಸು-ಕೂಡು ಪದ್ಧತಿಗೆ ಹಾರ್ನರ್ ವಿಧಾನ ಅಂತ ಹೆಸರು ಅಂಟಿದೆ. ಇಂಗ್ಲೆಂಡಿನ ಮೇಷ್ಟ್ರು ಹಾರ್ನರ್ ಬರೆದದ್ದು 1819ರಲ್ಲಿ. ಚೀನಾದ ಚಿನ್ ಜ್ಯೂಶಾವ್ 1247ರಲ್ಲೇ ಇದನ್ನು ಬಳಸಿದ್ದ. ಕಂಪ್ಯೂಟರ್ ಕಲಿಯುವ ಮಕ್ಕಳೇ, ಘಾತಗಳನ್ನು ಬೇರೆ ಬೇರೆ ಲೆಕ್ಕ ಹಾಕದೆ ಬಹುಪದೋಕ್ತಿಯ ಬೆಲೆ ತೆಗೆಯಲು ನಿಮ್ಮ ಪ್ರೋಗ್ರಾಮಿನಲ್ಲೂ ಇದನ್ನೇ ಹಾಕಿ.

ಇದೇ ಬಹುಪದೋಕ್ತಿಯನ್ನು ಯಾಕೆ ಆರಿಸಿದೆ ಅಂದರೆ, ಇದು ನ್ಯೂಟನ್ ತಾನೇ ಆರಿಸಿಕೊಂಡಿದ್ದ ಉದಾಹರಣೆ, 1669ರದು. ಯ³ − 2ಯ − 5 ಸೊನ್ನೆ ಆಗುವುದು ಎಲ್ಲಿ? 2ರಲ್ಲಿ −1 ಬಂತು, ಹತ್ತಿರವೇ ಇದ್ದೇವೆ. ನಿಷ್ಪನ್ನ 10 ಅಂದರೆ, ಯ ಒಂದು ಹೆಜ್ಜೆ ಇಟ್ಟರೆ ಬೆಲೆ ಹತ್ತು ಹೆಜ್ಜೆ ಏರುವ ವೇಗ. ನಮಗೆ ಏರಬೇಕಾದದ್ದು 1 ಮಾತ್ರ. ಹಾಗಾದರೆ ಹತ್ತನೇ ಒಂದು ಹೆಜ್ಜೆ ಇಡಿ. 2.1. ಅಲ್ಲಿ ಬೆಲೆ 0.061, ಸ್ವಲ್ಪ ದಾಟಿದೆವು. ಅಲ್ಲಿ ನಿಷ್ಪನ್ನ 11.23. ಭಾಗಿಸಿದರೆ 0.00543, ಅಷ್ಟು ಹಿಂದಕ್ಕೆ ಬನ್ನಿ. 2.09457. ನಿಜವಾದ ಉತ್ತರ 2.09455. ಎರಡೇ ಹೆಜ್ಜೆಗೆ!

ನ್ಯೂಟನ್ ನಿಷ್ಪನ್ನ ಅಂತ ಹೆಸರು ಹೇಳದೆ ಇದನ್ನು ಮಾಡಿದ. ಯ ಬದಲು 2 + ಕ ಅಂತ ಹಾಕಿ ಬಿಡಿಸಿದ. ಕ³ + 6ಕ² + 10ಕ − 1 ಬಂತು. ಕ ತೀರಾ ಸಣ್ಣದು, ಅದರ ವರ್ಗ ಘನ ಎಲ್ಲ ಸೈಟಿನ ಮೂಲೆಯ ಚೂರಿನ ಹಾಗೆ, ಬಿಟ್ಟುಬಿಡು ಅಂದ. 10ಕ = 1 ಉಳಿಯಿತು. ನಮ್ಮ ಭಾಗಾಕಾರದ ಹತ್ತು ಅಲ್ಲೇ ಕೂತಿದೆ ನೋಡಿ. ಮೂರನೇ ಸಲ ಭಾಗಿಸಿದ್ದರೆ ಆ 6 ಕೂಡ ಬರುತ್ತಿತ್ತು. ಮನೆಗೆ ಹೋಗಿ ಮಾಡಿ ನೋಡಿ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಮುಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತ. ‘ಸರ್, ಡಬ್ಬಿ ಲೆಕ್ಕದಲ್ಲಿ 15ರಲ್ಲೂ ಸೊನ್ನೆ ಬರುತ್ತಲ್ಲ, ಅದನ್ನು ಹೇಳಲೇ ಇಲ್ಲ.’ ಇವನನ್ನು ಕರೆದು ಕೈಗೆ ಕತ್ತರಿ, ಇನ್ನೊಂದು ರಟ್ಟು ಕೊಟ್ಟೆ. 15 ಸೆಂಟಿಮೀಟರಿನ ನಾಲ್ಕು ಚೌಕ ಕತ್ತರಿಸು ಅಂದೆ. ಅವನು ಅಳತೆ ಹಿಡಿದು ಗೀಟು ಹಾಕಿದ. ಮೂರನೇ ಚೌಕಕ್ಕೆ ಬರುವಷ್ಟರಲ್ಲಿ ಸಭೆಯಲ್ಲಿ ನಗು ಶುರುವಾಯಿತು. ನಾಲ್ಕನೆಯದು ಕತ್ತರಿಸಬೇಕಾಗಿಯೇ ಇರಲಿಲ್ಲ, ಅವನ ಎಡಗೈಯಲ್ಲಿ ಉಳಿದದ್ದೇ ಅದು. ಡಬ್ಬಿ ಎಲ್ಲಿ ಅಂತ ಕೇಳಿದೆ. ‘ಇಲ್ಲ ಸರ್, ಸೊನ್ನೆ’ ಅಂದ. ಆಮೇಲೆ ಸ್ವಲ್ಪ ಯೋಚಿಸಿ, ‘ಆದ್ರೆ 16 ಹಾಕಿದ್ರೆ ಸೂತ್ರದಲ್ಲಿ 64 ಬರುತ್ತೆ ಸರ್, ಆ ಡಬ್ಬಿ ಎಲ್ಲಿದೆ?’ ಅಂದ. ಅಷ್ಟರಲ್ಲಿ ಗ್ರಂಥಾಲಯದವರು ಬಾಗಿಲು ಹಾಕಲು ಬೀಗದ ಕೈ ಹಿಡಿದು ನಿಂತಿದ್ದರು. ಆ ಹುಡುಗನೂ ನಾನೂ ಮೆಟ್ಟಿಲ ಮೇಲೆ ಕೂತು ಇನ್ನೂ ಅರ್ಧ ಗಂಟೆ ಮಾತಾಡಿದೆವು.